ಕೇಳಿ ತಂದದ್ದೋ, ತಂದು ಕೇಳಿದ್ದೋ?

ನಮ್ಮ ಕಡೆಯ ಮದುವೆಯ ಮನೆಗಳಲ್ಲಿ ಒಂದು ವಿನೋದವುಂಟು. ಗಂಡಿನವರು ಹೆಣ್ಣನ್ನು ನೋಡಿ, ಒಪ್ಪಿ, ಲಗ್ನಪತ್ರಿಕೆ ಅಚ್ಚಾಗಿ, ಛತ್ರಕ್ಕೆ ಮುಂಗಡವನ್ನೂ ತೆತ್ತಾದ ಮೇಲೆ ಮನೆಯ ಯಜಮಾನರು ನಡುಮನೆಗೆ ಬಂದು, ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತ ಅಜ್ಜಿಯನ್ನು, "ಅಮ್ಮ, ನಿನ್ನ ಅಭಿಪ್ರಾಯವೇನು?" ಎಂದು ಬಹು ವಿನಯದಿಂದ ಕೇಳುತ್ತಾರೆ. ಅಜ್ಜಿ ಬುದ್ಧಿವಂತೆ. "ನಿಮಗೆಲ್ಲ ಸರಿ ಕಂಡರೆ ನನಗೂ ಸರಿಯಪ್ಪ" ಎಂದು ಹೇಳಿ ಬತ್ತಿ ಹೊಸೆಯುವುದನ್ನು ಮುಂದುವರಿಸುತ್ತಾಳೆ. ಅಭಿಪ್ರಾಯ ಸಂಗ್ರಹಣೆಯ ಕಾರ್ಯ ಅಲ್ಲಿಗೆ ಸಾಂಗವಾಗಿ ಮುಗಿಯುತ್ತದೆ.

ಕೃತಕ ಬುದ್ಧಿಮತ್ತೆಯನ್ನು ಜಗತ್ತಿನ ದೊಡ್ಡ ದೊಡ್ಡ ವಿಶ್ವವಿದ್ಯಾನಿಲಯಗಳು ಮನೆ ತುಂಬಿಸಿಕೊಳ್ಳುತ್ತಿರುವ ರೀತಿಯನ್ನು ಕಂಡಾಗ ನನಗೆ ಈ ಅಜ್ಜಿಯ ನೆನಪಾಗುತ್ತದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಎಂಬ ಯಂತ್ರ ಜನರ ಕೈಗೆ ಬಂದಿತಷ್ಟೆ. ಅಲ್ಲಿಂದಾಚೆಗೆ ಅದನ್ನು ಬಳಸಬೇಕೆ, ಬೇಡವೆ, ಬಳಸುವುದಾದರೆ ಎಲ್ಲಿ, ಎಷ್ಟು ಎಂಬ ಚರ್ಚೆ ನಡೆಯದ ಉಪನ್ಯಾಸಕರ ಕೊಠಡಿಯಿಲ್ಲ. ಆದರೆ ತೀರ್ಮಾನವಾಗುವುದು ಉಪನ್ಯಾಸಕರ ಕೊಠಡಿಯಲ್ಲಲ್ಲ. ತರಗತಿಯಲ್ಲಂತೂ ಅಲ್ಲವೇ ಅಲ್ಲ.

ಕ್ಯಾಲಿಫೋರ್ನಿಯ ರಾಜ್ಯದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಲ್ಲಿನ ಕ್ಯಾಲಿಫೋರ್ನಿಯ ಸ್ಟೇಟ್ ಯೂನಿವರ್ಸಿಟಿ ಎಂಬುದು ಒಂದು ವಿದ್ಯಾಸಂಸ್ಥೆಯಲ್ಲ, ವಿದ್ಯಾಸಂಸ್ಥೆಗಳ ಒಂದು ಅವಿಭಕ್ತ ಕುಟುಂಬ. 2025ರ ಫೆಬ್ರವರಿಯಲ್ಲಿ ಅದಕ್ಕೆ 23 ಕ್ಯಾಂಪಸ್ಸುಗಳಿದ್ದವು; 4 ಲಕ್ಷ 60 ಸಾವಿರ ವಿದ್ಯಾರ್ಥಿಗಳು; ಅಧ್ಯಾಪಕರೂ ಸಿಬ್ಬಂದಿಯೂ ಸೇರಿ 63 ಸಾವಿರ ಜನ. ಶ್ರೀಮಂತರ ಮಕ್ಕಳ ವಿಶ್ವವಿದ್ಯಾನಿಲಯ ಇದಲ್ಲ. ಮನೆಯಲ್ಲಿ ಮೊತ್ತಮೊದಲಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳು, ಹಗಲು ದುಡಿದು ಸಂಜೆ ಓದುವ ಮಕ್ಕಳು ಬಹುಸಂಖ್ಯೆಯಲ್ಲಿ ಬರುವ ಸ್ಥಳ. ಆ ತಿಂಗಳು ಆಡಳಿತವರ್ಗದವರು ಒಂದು ಘೋಷಣೆ ಮಾಡಿದರು: ಓಪನ್‌ಎಐ ಕಂಪನಿಯೊಡನೆ ಒಪ್ಪಂದವಾಗಿದೆ, ಇನ್ನು ಈ ಐದು ಲಕ್ಷಕ್ಕೂ ಮಿಕ್ಕ ಜನಕ್ಕೆಲ್ಲ ಚಾಟ್‌ಜಿಪಿಟಿಯ ವಿಶೇಷ ಆವೃತ್ತಿಯೊಂದು ದೊರೆಯುವುದು. ಇದರ ಬೆಲೆ ಸುಮಾರು 1 ಕೋಟಿ 69 ಲಕ್ಷ ಡಾಲರ್ ಎಂದು ಪತ್ರಿಕೆಗಳಲ್ಲಿ ವರದಿಯಾಯಿತು. ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗಳಿಗೂ ಹೆಚ್ಚಾಯಿತು.

ಕಾಲವನ್ನು ಗಮನಿಸಬೇಕು. ಅದೇ ವರ್ಷದ ಜನವರಿಯಲ್ಲಿ ರಾಜ್ಯದ ಆಯವ್ಯಯ ಪ್ರಸ್ತಾವದಲ್ಲಿ ಈ ವಿಶ್ವವಿದ್ಯಾನಿಲಯದ ಅನುದಾನಕ್ಕೆ ಭಾರಿ ಕಡಿತವನ್ನು ಸೂಚಿಸಲಾಗಿತ್ತು. ಇದೇ ಕುಟುಂಬದ ಸೊನೋಮ ಸ್ಟೇಟ್ ಎಂಬ ವಿಶ್ವವಿದ್ಯಾನಿಲಯ ಜನವರಿಯ ಕೊನೆಯ ಭಾಗದಲ್ಲಿ ತತ್ತ್ವಶಾಸ್ತ್ರ, ಅರ್ಥಶಾಸ್ತ್ರ, ಭೂವಿಜ್ಞಾನ ಮೊದಲಾದ ವಿಭಾಗಗಳನ್ನು ಮುಚ್ಚುವುದಾಗಿಯೂ ಹತ್ತಾರು ಅಧ್ಯಾಪಕರ ಹುದ್ದೆಗಳನ್ನು ತೆಗೆಯುವುದಾಗಿಯೂ ಪ್ರಕಟಿಸಿತು. ಎರಡು ವಾರ ಕಳೆಯುವುದರೊಳಗಾಗಿ ಯಂತ್ರದ ಒಪ್ಪಂದದ ಸುದ್ದಿ ಬಂದಿತು. ಒಂದು ಕೈಯಲ್ಲಿ ಮೇಷ್ಟರನ್ನು ಮನೆಗೆ ಕಳುಹಿಸುವ ಕಾಗದ, ಮತ್ತೊಂದು ಕೈಯಲ್ಲಿ ಯಂತ್ರವನ್ನು ಬರಮಾಡಿಕೊಳ್ಳುವ ಹಾರ. ಎರಡಕ್ಕೂ ನೇರ ಸಂಬಂಧವಿಲ್ಲವೆಂದು ಲೆಕ್ಕಪತ್ರ ಬಲ್ಲವರು ಹೇಳಬಹುದು. ಹಣ ಬೇರೆ ಬೇರೆ ಬಾಬಿನದಿರಬಹುದು. ಕೆಲಸ ಕಳೆದುಕೊಳ್ಳಲಿರುವ ಅಧ್ಯಾಪಕನಿಗೆ ಬಾಬುಗಳ ಸೂಕ್ಷ್ಮ ತಿಳಿಯುವುದು ಕಷ್ಟ.

ಆಡಳಿತದವರ ಪಕ್ಷದಲ್ಲಿ ಸತ್ತ್ವವಿಲ್ಲದಿಲ್ಲ. ಅವರ ವಾದವಿದು: ಹಣವುಳ್ಳ ವಿದ್ಯಾರ್ಥಿ ತಿಂಗಳಿಗೆ ಇಪ್ಪತ್ತು ಡಾಲರ್ ತೆತ್ತು ಒಳ್ಳೆಯ ಯಂತ್ರವನ್ನು ಹೇಗೂ ಬಳಸುತ್ತಾನೆ, ಇಲ್ಲದವನು ಹಿಂದುಳಿಯುತ್ತಾನೆ, ಎಲ್ಲರಿಗೂ ಒಂದೇ ಸಮನಾಗಿ ಕೊಟ್ಟುಬಿಟ್ಟರೆ ಈ ತಾರತಮ್ಯ ಅಳಿಯುತ್ತದೆ. ಇದು ತಳ್ಳಿಹಾಕುವ ಮಾತಲ್ಲ. ನಾನು ಆ ಸಭೆಯಲ್ಲಿದ್ದಿದ್ದರೆ ಈ ವಾದಕ್ಕೆ ತಲೆದೂಗುತ್ತಿದ್ದೆನೋ ಏನೋ. ಆದರೆ ಸಭೆಯೆಲ್ಲಿ? ತಮ್ಮನ್ನು ಸರಿಯಾಗಿ ಕೇಳದೆ ಮಾಡಿದ ತೀರ್ಮಾನವಿದು ಎಂದು ಅಲ್ಲಿನ ಅನೇಕ ಅಧ್ಯಾಪಕರು ಬಹಿರಂಗವಾಗಿಯೇ ದೂರಿದರು. ಆ ಬಳಿಕ, ಅಧ್ಯಾಪಕರು ಯಂತ್ರವನ್ನು ಬೋಧನೆಯಲ್ಲಿ ಹೇಗೆ ಅಳವಡಿಸಬಹುದೆಂದು ಯೋಜನೆಗಳನ್ನು ಬರೆದು ಕಳುಹಿಸಿದರೆ ಸಹಾಯಧನ ಕೊಡುವ ಏರ್ಪಾಡೂ ಆಯಿತು. ಕೇಳಿದಂತೆಯೂ ಆಯಿತಲ್ಲವೆ ಎನ್ನಬಹುದು. ಹೌದು, ಆಯಿತು, 'ಹೇಗೆ' ಎಂದು ಕೇಳಿದರು. 'ಬೇಕೆ' ಎಂಬ ಪ್ರಶ್ನೆ ಅಷ್ಟು ಹೊತ್ತಿಗೆ ಛತ್ರದ ಮುಂಗಡದೊಡನೆ ಹೊರಟುಹೋಗಿತ್ತು.

'ಬೇಡ' ಎನ್ನುವ ಅಧಿಕಾರವಿಲ್ಲದವನನ್ನು 'ಬೇಕೆ' ಎಂದು ಕೇಳಿ ಪ್ರಯೋಜನವೇನು?

ಇದೇ ಕುಟುಂಬದಲ್ಲಿ 'ಬೇಡ' ಎಂದವರು ಒಮ್ಮೆ ಇದ್ದರು. ಆ ಕಥೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಸ್ಯಾನ್ ಹೋಸೆ ನಗರವು ನಮಗೆ ಅಪರಿಚಿತವಲ್ಲ. ಬೆಂಗಳೂರು, ಮೈಸೂರುಗಳ ಎಷ್ಟೋ ಮನೆಗಳ ಮಕ್ಕಳು ಸೊಸೆಯಂದಿರು ಆ ಕಣಿವೆಯಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿನ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ 2013ರಲ್ಲಿ ನಡೆದ ಸಂಗತಿ. ಆಗ ಎ.ಐ.ಯ ಮಾತಿರಲಿಲ್ಲ, ಅಂತರ್ಜಾಲದ ಪಾಠಗಳ ಭರಾಟೆಯ ಕಾಲ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಸಿದ್ಧ ಪ್ರಾಧ್ಯಾಪಕ ಮೈಕೇಲ್ ಸ್ಯಾಂಡೆಲ್ ಅವರ 'ನ್ಯಾಯ' ಎಂಬ ಉಪನ್ಯಾಸಮಾಲೆ ಚಲಚ್ಚಿತ್ರವಾಗಿ ಸಿದ್ಧವಿತ್ತು. ಅದನ್ನು ತರಗತಿಯಲ್ಲಿ ಬಳಸಬಹುದಲ್ಲ ಎಂಬ ಒತ್ತಾಯ ಸ್ಯಾನ್ ಹೋಸೆಯ ತತ್ತ್ವಶಾಸ್ತ್ರ ವಿಭಾಗದ ಮೇಲೆ ಬಂದಿತು. ವಿಭಾಗದವರು ಒಪ್ಪಲಿಲ್ಲ. ಒಪ್ಪದೆ ಸುಮ್ಮನಾಗಲೂ ಇಲ್ಲ. ಏಪ್ರಿಲ್ 29ರಂದು ನೇರವಾಗಿ ಸ್ಯಾಂಡೆಲ್ ಅವರಿಗೇ ಒಂದು ಬಹಿರಂಗ ಪತ್ರ ಬರೆದರು.

ಆ ಪತ್ರದ ತಿರುಳು ಹೀಗಿತ್ತು: ನಿಮ್ಮ ಮೇಲೆ ನಮಗೆ ಕೋಪವಿಲ್ಲ. ಆದರೆ ಹಾರ್ವರ್ಡಿನ ಮಕ್ಕಳು ನಿಮ್ಮೆದುರಿಗೆ ಕುಳಿತು ನಿಮ್ಮೊಡನೆ ವಾದಿಸುತ್ತಾರೆ. ನಮ್ಮ ಮಕ್ಕಳು ಆ ವಾದವನ್ನು ಪರದೆಯ ಮೇಲೆ ನೋಡಬೇಕು. ನಾಳೆ ಶ್ರೀಮಂತ ವಿದ್ಯಾಸಂಸ್ಥೆಗಳಲ್ಲಿ ಜೀವಂತ ಅಧ್ಯಾಪಕರೂ ಉಳಿದೆಡೆಗಳಲ್ಲಿ ಚಿತ್ರವನ್ನು ಓಡಿಸುವ ಸಹಾಯಕರೂ ಇರುವ ಎರಡು ಪಂಕ್ತಿ ಏರ್ಪಟ್ಟೀತು. ಸಾಮಾಜಿಕ ನ್ಯಾಯವನ್ನು ಕುರಿತ ಪಾಠದ ಮೂಲಕವೇ ಇದು ಬರಬೇಕೆ? ಸ್ಯಾಂಡೆಲ್ ಅವರು ಸಭ್ಯರು. ಸಾರ್ವಜನಿಕ ವಿಶ್ವವಿದ್ಯಾನಿಲಯಗಳ ಬಗ್ಗೆ ಈ ಆತಂಕ ನ್ಯಾಯವಾದುದೇ ಎಂದು ಒಪ್ಪಿದರು. ತಮ್ಮ ಉಪನ್ಯಾಸಗಳಿಂದ ಸಹೋದ್ಯೋಗಿಗಳಿಗೆ ಕುಂದು ಬರಬಾರದೆಂದೂ ಹೇಳಿದರು.

ಅದೇ ವರ್ಷ ಅದೇ ವಿಶ್ವವಿದ್ಯಾನಿಲಯದವರು ಯುಡಾಸಿಟಿ ಎಂಬ ಕಂಪನಿಯ ಜೊತೆ ಬಹು ಅಬ್ಬರದಿಂದ ಕೆಲವು ಅಂತರ್ಜಾಲದ ತರಗತಿಗಳನ್ನು ಆರಂಭಿಸಿದ್ದರು. ಮೊದಲ ಅವಧಿಯಲ್ಲಿ ತೇರ್ಗಡೆಯಾದವರ ಪ್ರಮಾಣ ಎದುರು ಕುಳಿತು ಓದಿದವರ ಪ್ರಮಾಣಕ್ಕಿಂತ ಬಹಳ ಕೆಳಗಿಳಿಯಿತು. ಜುಲೈ ತಿಂಗಳಲ್ಲಿ ಆ ಪ್ರಯೋಗವನ್ನು ತಡೆಹಿಡಿದರು. ತರಗತಿಯ ಒಳಗನ್ನು ಬಲ್ಲವರು ಹೇಳುವ 'ಬೇಡ' ಎಂಬ ಮಾತು ಬರಿಯ ಹಟವಲ್ಲ. ಕೆಲವೊಮ್ಮೆ ಅದು ಅತ್ಯಂತ ಅಗ್ಗದ ಸಲಹೆ. ಹಣ ಕೊಟ್ಟು ತರಿಸಿದ ತಜ್ಞರ ವರದಿಗಿಂತ ಎಷ್ಟೋ ಅಗ್ಗ.

'ಯೂನಿವರ್ಸಿಟಿ' ಎಂಬ ಶಬ್ದದ ಮೂಲವನ್ನು ಇಲ್ಲಿ ಸ್ವಲ್ಪ ಕೆದಕಬೇಕೆನಿಸುತ್ತದೆ. ಕನ್ನಡ ಮೇಷ್ಟರ ಚಾಳಿಯೆಂದು ಓದುಗರು ಕ್ಷಮಿಸಬೇಕು. ನಾವು ಅದನ್ನು 'ವಿಶ್ವವಿದ್ಯಾನಿಲಯ' ಎಂದು ಅನುವಾದಿಸಿಕೊಂಡೆವು. ವಿಶ್ವದ ವಿದ್ಯೆಯೆಲ್ಲ ನೆಲೆಸಿರುವ ಮನೆ. ಭವ್ಯವಾದ ಪದ. ಆದರೆ ಮಧ್ಯಯುಗದ ಲ್ಯಾಟಿನ್ನಿನಲ್ಲಿ 'ಯೂನಿವರ್ಸಿಟಾಸ್' ಎಂದರೆ ಮನೆಯೂ ಅಲ್ಲ, ವಿಶ್ವವೂ ಅಲ್ಲ. ಒಂದು ಕೂಟ, ಒಂದು ಸಂಘ. ಬಡಗಿಗಳ ಸಂಘವಿದ್ದಂತೆ, ನೇಕಾರರ ಸಂಘವಿದ್ದಂತೆ, ಓದುವವರ ಸಂಘ. ಇಟಲಿಯ ಬೊಲೋನ್ಯದಲ್ಲಿ ದೂರದೇಶಗಳಿಂದ ಬಂದ ವಿದ್ಯಾರ್ಥಿಗಳೇ ಕೂಡಿ ಕಟ್ಟಿಕೊಂಡ ಸಂಘವೇ ಯೂನಿವರ್ಸಿಟಿಯಾಯಿತು. ಪ್ಯಾರಿಸಿನಲ್ಲಿ ಅಧ್ಯಾಪಕರ ಸಂಘ ಯೂನಿವರ್ಸಿಟಿಯಾಯಿತು. ಬೊಲೋನ್ಯದ ವಿದ್ಯಾರ್ಥಿಗಳು ತಮ್ಮಲ್ಲಿಯೇ ಒಬ್ಬನನ್ನು ರೆಕ್ಟರನನ್ನಾಗಿ ಆರಿಸುತ್ತಿದ್ದರು. ಪ್ರಾಧ್ಯಾಪಕ ತಡವಾಗಿ ಬಂದರೆ ದಂಡ. ಗಂಟೆ ಹೊಡೆದ ಮೇಲೆಯೂ ಎಳೆದರೆ ದಂಡ. ಕಷ್ಟದ ಭಾಗವನ್ನು ಹಾರಿಸಿ ಪಾಠ ಮಾಡಿದರೂ ದಂಡ. ಊರು ಬಿಟ್ಟು ಹೋಗಬೇಕಾದರೆ ತಿರುಗಿ ಬರುವನೆಂಬುದಕ್ಕೆ ಅವನು ಹಣದ ಜಾಮೀನು ಇಡಬೇಕಾಗಿತ್ತು. ಈ ಪದ್ಧತಿ ಯಥಾವತ್ತಾಗಿ ಮರಳಿ ಬರಲೆಂದು ನಾನು ಹಾರೈಸುವುದಿಲ್ಲ. ಉಪನ್ಯಾಸಕನಾದ ನನಗೂ ಸಂಸಾರವಿದೆ. ಆದರೆ ವಿಶ್ವವಿದ್ಯಾನಿಲಯವೆಂದರೆ ಕಟ್ಟಡವಲ್ಲ, ಕುಲಪತಿಗಳ ಕಚೇರಿಯಲ್ಲ, ಅದರೊಳಗಿರುವ ಜನ ಎಂಬುದು ಇಂದಿನ ಕ್ರಾಂತಿಕಾರಿ ಘೋಷಣೆಯೇನೂ ಅಲ್ಲ. ಆ ಶಬ್ದ ಹುಟ್ಟಿದಂದಿನ ಅರ್ಥ.

ಒಳಗಿರುವ ಜನವನ್ನು ಕೇಳದೆ ಯಂತ್ರವನ್ನು ತಂದರೆ ಅದು ಎಲ್ಲಿಯವರೆಗೆ ಹೋದೀತೆಂಬುದಕ್ಕೆ ಅಮೆರಿಕದ ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಲ್ಲಿ ಒಂದು ನಿದರ್ಶನ ದೊರೆಯುತ್ತದೆ. 2023ರ ಫೆಬ್ರವರಿಯಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಗುಂಡಿನ ದಾಳಿ ನಡೆದು ಮೂವರು ವಿದ್ಯಾರ್ಥಿಗಳು ಸತ್ತರು. ದೇಶವೇ ದುಃಖಿಸುತ್ತಿದ್ದಾಗ ವ್ಯಾಂಡರ್‌ಬಿಲ್ಟಿನ ಪೀಬಡಿ ಕಾಲೇಜಿನ ಕಚೇರಿಯೊಂದು ತನ್ನ ವಿದ್ಯಾರ್ಥಿಗಳಿಗೆ ಸಮಾಧಾನದ ಪತ್ರ ಕಳುಹಿಸಿತು. ಒಬ್ಬರಿಗೊಬ್ಬರು ಆಸರೆಯಾಗಿರಬೇಕೆಂಬ ಒಳ್ಳೆಯ ಮಾತುಗಳೆಲ್ಲ ಅದರಲ್ಲಿದ್ದವು. ಕೊನೆಯಲ್ಲಿ, ಚಿಕ್ಕ ಅಕ್ಷರಗಳಲ್ಲಿ, ಇದು ಚಾಟ್‌ಜಿಪಿಟಿಯಿಂದ ಪಡೆದದ್ದೆಂಬ ಒಂದು ಸಾಲು! ಮಕ್ಕಳಿಗೆ ಹೇಗಾಗಿರಬೇಡ? ಸಾವಿನ ಮನೆಗೆ ಅಚ್ಚು ಹಾಕಿಸಿದ ಕಾಗದವನ್ನು ಆಳಿನ ಕೈಯಲ್ಲಿ ಕಳುಹಿಸಿದಂತಾಯಿತು. ಕಚೇರಿಯವರು ಮರುದಿನವೇ ಕ್ಷಮೆ ಬೇಡಿದರು. ಪತ್ರ ಬರೆದವರು ಕೆಟ್ಟವರೆಂದು ನನಗೆ ತೋರುವುದಿಲ್ಲ. ಯಂತ್ರ ಕೈಗೆ ಎಟಕುವಂತೆ ಇದ್ದಾಗ, ಎಲ್ಲಿ ಕೂಡದೆಂಬುದನ್ನು ನಾಲ್ಕು ಜನ ಕುಳಿತು ಮೊದಲೇ ಮಾತಾಡದಿದ್ದಾಗ, ಯಾರ ಕೈಯಾದರೂ ಅತ್ತ ಚಾಚೀತು.

ಇದೇ ವ್ಯಾಂಡರ್‌ಬಿಲ್ಟಿನವರು ಆ ವರ್ಷದ ಆಗಸ್ಟಿನಲ್ಲಿ ಮೆಚ್ಚತಕ್ಕ ಒಂದು ಕೆಲಸವನ್ನೂ ಮಾಡಿದರು. ವಿದ್ಯಾರ್ಥಿಯ ಪ್ರಬಂಧ ಯಂತ್ರ ಬರೆದದ್ದೋ ಮನುಷ್ಯ ಬರೆದದ್ದೋ ಎಂದು ಕಂಡುಹಿಡಿಯುವ ಮತ್ತೊಂದು ಯಂತ್ರವುಂಟು. ಟರ್ನಿಟಿನ್ ಎಂಬ ಕಂಪನಿಯ ಆ ಪತ್ತೆಗಾರನನ್ನು ಅವರು ನಿಲ್ಲಿಸಿಬಿಟ್ಟರು. ಕಾರಣವನ್ನು ಲೆಕ್ಕದ ಸಮೇತ ಪ್ರಕಟಿಸಿದರು. ನೂರಕ್ಕೆ ಒಂದು ಬಾರಿ ಮಾತ್ರ ತಪ್ಪುತ್ತದೆಂದು ಕಂಪನಿಯವರ ಹೇಳಿಕೆ. 2022ರಲ್ಲಿ ತಮ್ಮಲ್ಲಿ 75 ಸಾವಿರ ಪ್ರಬಂಧಗಳು ಆ ವ್ಯವಸ್ಥೆಗೆ ಹೋಗಿದ್ದವು. ಅಂದರೆ ಸುಮಾರು 750 ಪ್ರಬಂಧಗಳ ಮೇಲೆ ಸುಳ್ಳು ಆರೋಪ ಬರುತ್ತಿತ್ತು. ಶೇಕಡಾ ಒಂದು ಎಂದಾಗ ನಿದ್ದೆ ಕೆಡುವುದಿಲ್ಲ. ಏಳುನೂರ ಐವತ್ತು ಎಂದಾಗ ಕೆಡುತ್ತದೆ.

ನಮ್ಮ ಮಕ್ಕಳಿಗೆ ಈ ವಿಷಯ ಇನ್ನೂ ಹತ್ತಿರದ್ದು. 2023ರಲ್ಲಿಯೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು, ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಇಂತಹ ಏಳು ಪತ್ತೆಗಾರ ಯಂತ್ರಗಳಿಗೆ ಕೊಟ್ಟು ನೋಡಿದರು. ಸರಾಸರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳನ್ನು ಅವು ಯಂತ್ರದ ಬರಹವೆಂದು ಸಾರಿದವು! ಅಮೆರಿಕದ ಎಂಟನೆಯ ತರಗತಿಯ ಮಕ್ಕಳ ಪ್ರಬಂಧಗಳ ಮಟ್ಟಿಗೆ ಅವೇ ಯಂತ್ರಗಳು ಬಹುಮಟ್ಟಿಗೆ ಸರಿಯಾಗಿ ತೀರ್ಪು ಕೊಟ್ಟವು. ಇದರ ಗುಟ್ಟು ಸರಳ. ಮುಂದಿನ ಪದ ಯಾವುದೆಂದು ಸುಲಭವಾಗಿ ಊಹಿಸಬಹುದಾದ ಬರಹ ಯಂತ್ರದ್ದೆಂದೂ ಊಹೆಗೆ ಸಿಗದ ತಿರುವುಗಳುಳ್ಳದ್ದು ಮನುಷ್ಯರದ್ದೆಂದೂ ಪತ್ತೆಗಾರನ ನಂಬಿಕೆ. ಪರಭಾಷೆಯನ್ನು ಕಷ್ಟಪಟ್ಟು ಕಲಿತವನ ಪದಗಳು ಕೆಲವೇ, ವಾಕ್ಯಗಳು ನೇರ, ತಪ್ಪೀತೆಂಬ ಭಯದಿಂದ ತುಳಿದ ದಾರಿಯನ್ನೇ ತುಳಿಯುತ್ತಾನೆ. ಅವನ ಎಚ್ಚರಿಕೆಯೇ ಅವನ ಮೇಲಿನ ಸಾಕ್ಷ್ಯವಾಗುತ್ತದೆ.

ನನ್ನ ಪರಿಚಯದ ಕಾಲೇಜೊಂದರಲ್ಲಿ ಹೀಗೆಯೇ ಆಯಿತು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗಿ, ಎರಡನೆಯ ವರ್ಷದ ಪದವಿ ತರಗತಿ. ಇಂಗ್ಲಿಷಿನಲ್ಲಿ ಬರೆದು ಒಪ್ಪಿಸಿದ ಪ್ರಬಂಧವನ್ನು ಯಂತ್ರ 'ಮನುಷ್ಯಕೃತವಲ್ಲ' ಎಂದಿತು. ಅಧ್ಯಾಪಕರು ಸೊನ್ನೆ ಹಾಕಿದರು. ಅವಳು ಕಚ್ಚಾ ಬರೆದ ನೋಟುಬುಕ್ಕನ್ನು ಹಿಡಿದುಕೊಂಡು ಮನೆಗೆ ಬಂದಳು. ಒಂದೊಂದು ವಾಕ್ಯವನ್ನೂ ಮೂರು ಮೂರು ಸಲ ಹೊಡೆದು ತಿದ್ದಿದ ಗುರುತುಗಳು ಅದರಲ್ಲಿದ್ದವು. "ಸಾರ್, ತಪ್ಪಿಲ್ಲದ ಹಾಗೆ ಬರೆದದ್ದೇ ತಪ್ಪಾಯಿತಾ?" ಎಂದಳು. ಆ ಯಂತ್ರವನ್ನು ಬಳಸಬೇಕೆಂದು ತೀರ್ಮಾನಿಸಿದವರು ಯಾರೆಂದು ನಾನು ವಿಚಾರಿಸಹೊರಟೆ. ಅಧ್ಯಾಪಕರು ಪ್ರಿನ್ಸಿಪಾಲರತ್ತ ಕೈ ತೋರಿಸಿದರು. ಪ್ರಿನ್ಸಿಪಾಲರು ಆಡಳಿತ ಮಂಡಳಿಯತ್ತ. ಮಂಡಳಿಯ ಕಾರ್ಯದರ್ಶಿಗಳು, "ನಾವೇನೂ ತೀರ್ಮಾನಿಸಲಿಲ್ಲ, ಗ್ರಂಥಾಲಯಕ್ಕೆ ಕೊಂಡ ತಂತ್ರಾಂಶದ ಜೊತೆಗೆ ಅದೂ ಪುಕ್ಕಟೆಯಾಗಿ ಬಂತು" ಎಂದರು. ಕೊನೆಗೆ ಆ ಹುಡುಗಿ ಅಧ್ಯಾಪಕರ ಎದುರಿಗೆ ಕುಳಿತು ಅದೇ ವಿಷಯದ ಮೇಲೆ ಮತ್ತೊಂದು ಪ್ರಬಂಧ ಬರೆದು ಅಂಕ ಪಡೆದಳು. ಯಂತ್ರ ಇನ್ನೂ ಅಲ್ಲಿಯೇ ಇದೆ. ಯಾರೂ ತರದೆ ಬಂದ ಅತಿಥಿಯನ್ನು ಹೊರಗೆ ಕಳುಹಿಸುವ ಅಧಿಕಾರವೂ ಯಾರಿಗೂ ಇಲ್ಲ ನೋಡಿ.

ಪ್ರವೇಶದ ಅರ್ಜಿಯ ವಿಚಾರದಲ್ಲಿಯೂ ಇಂಥದೇ ನಡೆದದ್ದುಂಟು. ಆಸ್ಟಿನ್ ನಗರದ ಟೆಕ್ಸಸ್ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ವಿಜ್ಞಾನ ವಿಭಾಗ 2013ರಿಂದ ಪಿಎಚ್.ಡಿ. ಅರ್ಜಿಗಳನ್ನು ಅಳೆಯಲು ಒಂದು ಯಂತ್ರಲೆಕ್ಕವನ್ನು ಬಳಸುತ್ತಿತ್ತು. ಹಿಂದೆ ಯಾರಿಗೆ ಸ್ಥಾನ ಕೊಟ್ಟಿದ್ದರೆಂಬುದರಿಂದ ಅದು ಪಾಠ ಕಲಿತಿತ್ತು. ಹಿಂದಿನವರ ಪಕ್ಷಪಾತವೇನಾದರೂ ಇದ್ದರೆ ಅದನ್ನೂ ಕಲಿತಿರಬೇಕಷ್ಟೆ. 2020ರಲ್ಲಿ ಅದನ್ನು ಬಿಟ್ಟರು. ನಮ್ಮ ಇಂಜಿನಿಯರಿಂಗ್ ಪದವೀಧರರು ಸಾಲುಗಟ್ಟಿ ಅರ್ಜಿ ಹಾಕುವುದು ಇಂಥ ವಿಭಾಗಗಳಿಗೇ ಎಂಬುದನ್ನು ನೆನೆದರೆ ಸಾಕು.

"ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸ ನಡೆದಂತೆಯೇ" ಎನ್ನುವವರಿದ್ದಾರೆ. ಅವರ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಮಿತಿಗಳ ಸುಖವನ್ನು ನಾನೂ ಬಲ್ಲೆ. ಪ್ರವಾಸಭತ್ಯೆಯ ಪಾವತಿಗೆ ಸಹಿ, ಕಾಫಿ, ಹಿಂದಿನ ಸಭೆಯ ನಡವಳಿಗಳ ಅನುಮೋದನೆ, ಉಪಸಮಿತಿಯ ನೇಮಕ, ವಂದನಾರ್ಪಣೆ. ಯಂತ್ರ ಆರು ತಿಂಗಳಿಗೊಮ್ಮೆ ಹೊಸ ಅವತಾರವೆತ್ತುವ ಕಾಲದಲ್ಲಿ ಉಪಸಮಿತಿಯ ವರದಿ ಬರುವ ಹೊತ್ತಿಗೆ ವರದಿಯ ವಸ್ತುವೇ ಇರುವುದಿಲ್ಲ. ನಿಜ. ಆದರೆ ಕೇಳುವುದೆಂದರೆ ಸಮಿತಿಯೊಂದೇ ಅಲ್ಲ. ಅದೇ ಕ್ಯಾಲಿಫೋರ್ನಿಯ ಕುಟುಂಬದ ಸ್ಯಾನ್ ಡಿಯೇಗೊ ಸ್ಟೇಟ್ ವಿಶ್ವವಿದ್ಯಾನಿಲಯದವರು 2023ರಲ್ಲಿ, ಮೇಲಿನ ಒಪ್ಪಂದಕ್ಕೆ ಬಹಳ ಮುಂಚೆಯೇ, ವಿದ್ಯಾರ್ಥಿಗಳನ್ನು ನೇರವಾಗಿ ಪ್ರಶ್ನಿಸಿ ಏಳು ಸಾವಿರಕ್ಕಿಂತ ಹೆಚ್ಚು ಮಂದಿಯಿಂದ ಉತ್ತರ ಪಡೆದರು. ಮನಸ್ಸಿದ್ದರೆ ಇಷ್ಟು ಜನವನ್ನು ಕೇಳಬಹುದು. ಕಿವಿಗೊಡುವುದು ಬೇರೆ ವಿಷಯ.

ಕೇಳಬೇಕಾದವರಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಮಾತ್ರವೆಂದು ಭಾವಿಸುವುದೂ ಸರಿಯಲ್ಲ. ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತು ವರ್ಷ ಸವೆಸಿದ ಗುಮಾಸ್ತರನ್ನು ಒಮ್ಮೆ ಕೇಳಿ ನೋಡಿ. ಯಾವ ಊರಿನ ವಿದ್ಯಾರ್ಥಿಗಳ ಹೆಸರು ಮೂರು ದಾಖಲೆಗಳಲ್ಲಿ ಮೂರು ಬಗೆಯಾಗಿರುತ್ತದೆ, ಯಾವ ತಿಂಗಳಲ್ಲಿ ಫಲಿತಾಂಶದ ತಕರಾರುಗಳು ಹೆಚ್ಚು, ಯಾರು ಶುಲ್ಕ ಕಟ್ಟಲಾಗದೆ ಸಂಕೋಚದಿಂದ ಕಾಲೇಜು ಬಿಡುತ್ತಾರೆ ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿರುತ್ತದೆ. ಯಂತ್ರ ಎಲ್ಲಿ ಮುಗ್ಗರಿಸುವುದೆಂದು ಮೊದಲು ಹೇಳಬಲ್ಲವರು ಅವರು. ಅವರ ಕೆಲಸಕ್ಕೇ ಮೊದಲು ಸಂಚಕಾರ ಬರುವುದೂ ಹೌದು. ಗ್ರಂಥಪಾಲಕರನ್ನೂ ಮರೆಯಬಾರದು. ಇಲ್ಲದ ಪುಸ್ತಕದ ಹೆಸರನ್ನು ಯಂತ್ರದಿಂದ ಬರೆಸಿಕೊಂಡು ಬಂದು "ಇದನ್ನು ಹುಡುಕಿಕೊಡಿ" ಎನ್ನುವ ಸಂಶೋಧಕರಿಗೆ ಉತ್ತರ ಹೇಳುತ್ತಿರುವವರು ಅವರೇ ತಾನೆ!

ಕೇಳುವುದು ಹಣ ಕೊಡುವ ಮುನ್ನ ಆಗಬೇಕು. ಯಂತ್ರದವರಿಗೆ ವಿದ್ಯಾರ್ಥಿಗಳ ಬರಹದ ಮೇಲೆ ಯಾವ ಹಕ್ಕು ದೊರೆಯುತ್ತದೆ, ಒಪ್ಪಂದ ಮುಗಿದ ಮೇಲೆ ಅದು ಎಲ್ಲಿರುತ್ತದೆ ಎಂಬುದನ್ನು ವಿದ್ಯಾರ್ಥಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಕೇಳಬೇಕು. ಹೇಳಿದ ಅಭಿಪ್ರಾಯಕ್ಕೆ ಲಿಖಿತ ಉತ್ತರ ಬರಬೇಕು. ಒಪ್ಪದಿದ್ದರೆ ಏಕೆಂದು ಅದರಲ್ಲಿರಬೇಕು. ವರ್ಷಕ್ಕೊಮ್ಮೆ ಮತ್ತೆ ಕುಳಿತು, ಇಟ್ಟುಕೊಳ್ಳೋಣವೋ ಬಿಡೋಣವೋ ಎಂದು ನೋಡುವ ಅವಕಾಶ ಒಪ್ಪಂದದಲ್ಲಿಯೇ ಇರಬೇಕು. ಇದರಲ್ಲಿ ಅಸಾಧ್ಯವಾದುದು ಯಾವುದೂ ನನಗೆ ಕಾಣದು. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಪಠ್ಯಪುಸ್ತಕ ಬದಲಾಗಬೇಕಾದರೆ ಅಧ್ಯಯನ ಮಂಡಳಿ ಸೇರಬೇಕು, ವಿದ್ಯಾವಿಷಯಕ ಪರಿಷತ್ತಿನ ಮುಂದೆ ಹೋಗಬೇಕು. ಹತ್ತು ಪದ್ಯಗಳ ಬದಲಿಗೆ ಎಂಟು ಪದ್ಯ ಇಡುವುದಕ್ಕೆ ಇಷ್ಟು ವಿಧಿಗಳಿರುವಾಗ, ಪಾಠ ಹೇಳುವ ಕ್ರಮವನ್ನೂ ಬರೆಯುವ ಕ್ರಮವನ್ನೂ ಅಂಕ ಹಾಕುವ ಕ್ರಮವನ್ನೂ ಬದಲಿಸುವ ಯಂತ್ರ ಖರೀದಿ ವಿಭಾಗದ ಬಾಗಿಲಿನಿಂದ ಕುರ್ಚಿ ಮೇಜುಗಳ ಜೊತೆಗೆ ಬರುವುದೆಂದರೆ ಏನರ್ಥ?

ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಲು ಹೋಗುವ ತಂದೆತಾಯಿಗಳು ಶುಲ್ಕವೆಷ್ಟು, ಹಾಸ್ಟೆಲಿನ ಊಟ ಹೇಗೆ, ಕೆಲಸ ಸಿಕ್ಕವರೆಷ್ಟು ಮಂದಿ ಎಂದು ವಿಚಾರಿಸುವುದು ವಾಡಿಕೆ. ಇನ್ನು ಮೇಲೆ ಇನ್ನೆರಡು ಮಾತನ್ನು ಸೇರಿಸಿ ಕೇಳಬಹುದು: ನಮ್ಮ ಮಗುವಿನ ಬರಹವನ್ನು ಇಲ್ಲಿ ಯಂತ್ರ ಪರೀಕ್ಷಿಸುತ್ತದೆಯೆ? ಪರೀಕ್ಷಿಸುವುದಾದರೆ, ಆ ತೀರ್ಮಾನ ಯಾವ ಸಭೆಯಲ್ಲಿ ಆಯಿತು, ಅದರಲ್ಲಿ ಯಾರಿದ್ದರು? ಪ್ರವೇಶದ ಮೇಜಿನ ಹಿಂದೆ ಕುಳಿತವರು ಮುಖ ಮುಖ ನೋಡಿಕೊಂಡಾರು. ಹಿಂದಿನ ಸಾಲಿನವರು ಗೊಣಗಿಯಾರು. ಸ್ಪಷ್ಟವಾದ ಉತ್ತರ ದೊರೆತವರು ಸಂಪಾದಕರ ವಿಳಾಸಕ್ಕೆ ನಾಲ್ಕು ಸಾಲು ಬರೆದು ತಿಳಿಸಿದರೆ, ಕಾಲೇಜಿನ ಹೆಸರನ್ನು ಬಿಟ್ಟು ಉತ್ತರವನ್ನು ಮಾತ್ರ ಇದೇ ಅಂಕಣದಲ್ಲಿ ಅಚ್ಚು ಹಾಕಿಸುತ್ತೇನೆ. ಉತ್ತರ ದೊರೆಯದವರೂ ಬರೆಯಬಹುದು.